ಒಸರು

ಅರ್ವೈಖೇರ್ ಊರಾಚೆ, ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಎಂಜಿನ್ ಆರಿಸದೆಯೇ ಶೆಡ್ಡಿನೊಳಗೆ ತಂದ ಫುರ್ಗಾನ್ ವ್ಯಾನಿಂದ
ಒಬ್ಬೊಬ್ಬರೇ ಇಳಿದರು ಒಂಬತ್ತು ಜನ,
ಒಂದು ಹೊಲಿಗೆ ಯಂತ್ರ, ಗೋಣಿಯಲ್ಲಿ ಅರ್ಧ ಕುರಿ,
ಕೊನೆಗೆ ಚಾಲಕ.
ನೆರ್ಗುಯ್ ಅಂತ. ಹೆಸರಿಲ್ಲ ಎಂದೇ ಆ ಹೆಸರಿನ ಅರ್ಥ.
ಮೊದಲಿಬ್ಬರು ಕೂಸುಗಳು ಉಳಿಯಲಿಲ್ಲವಂತೆ.
ಕರೆಯಲು ಹೆಸರು ಸಿಗದೆ ಸಾವು
ಬಾಗಿಲಿಂದಲೇ ಮರಳಲೆಂದು ಇಟ್ಟದ್ದು.

"ಎಲ್ಲಿ ಸೋರುತ್ತೆ?"
"ಎಲ್ಲೂ ಇಲ್ಲ. ಆದರೂ ಖಾಲಿಯಾಗುತ್ತೆ."

ವಾರಕ್ಕೆ ಎರಡು ಸಲ ಕೇಳುವ ಮಾತು ಇದು.
ಎಲ್ಲೂ ಇಲ್ಲ ಎಂಬುದೂ ಒಂದು ಜಾಗವೇ,
ಟಾರ್ಚು ಹಿಡಿದು ಹೋಗಬೇಕು ಅಷ್ಟೆ.

ಫುರ್ಗಾನಿನ ಎಂಜಿನ್ನು ಒಲೆಯಂತೆ
ಮುಂದಿನ ಎರಡು ಸೀಟುಗಳ ನಡುವೆಯೇ ಕೂತಿರುತ್ತದೆ.
ಮೇಲೆ ಎರಡು ಪದರ ಉಣ್ಣೆಯ ಹೊದಿಕೆ,
ಅದರ ಮೇಲೆ ಇಸ್ಪೀಟು, ಸೂರ್ಯಕಾಂತಿ ಸಿಪ್ಪೆ,
ಯಾರದೋ ಒಂದೇ ಕೈಗವಸು.
ಎಲ್ಲ ಎತ್ತಿಟ್ಟು ಕಾದೆ.
ನನಗೆ ಕೆಲಸ ಕಲಿಸಿದವನು ಹೇಳುತ್ತಿದ್ದ:
ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸುವವನಿಗೆ
ಅವಸರ ಜಾಸ್ತಿ, ಚರ್ಮ ಕಮ್ಮಿ.

ಮುಚ್ಚಳ ಬಿಚ್ಚಿದೆ.
ಒಳಗೆ ನೀಲಿ ತೊಸೋಲ್ ಇರಬೇಕಿತ್ತು.
ಇದ್ದದ್ದು ಕಲಗಚ್ಚಿನ ಬಣ್ಣ,
ಮೇಲೆ ಸಣ್ಣ ಸಣ್ಣ ಜಿಡ್ಡಿನ ಬಿಲ್ಲೆಗಳು.
ನನ್ನ ಹೊಟ್ಟೆ ಕಳಕ್ಕೆಂದಿತು.
ಹೆಡ್ ಗ್ಯಾಸ್ಕೆಟ್. ಎಣ್ಣೆ, ನೀರು ಕೂಡಿಕೊಂಡಿವೆ.
ಎರಡು ದಿನದ ಕೆಲಸ, ಒಂಬತ್ತು ಜನ, ಒಂದೇ ಸ್ಟೌ.
ಎಣ್ಣೆಯ ಕಡ್ಡಿ ಎಳೆದು ನೋಡಿದೆ.
ಕರಿ ಎಣ್ಣೆ ಕರಿಯಾಗಿಯೇ ಇತ್ತು, ನೊರೆಯಿಲ್ಲ.
ನೆರ್ಗುಯ್ ಕಡೆ ನೋಡಿದೆ.
ನೆರ್ಗುಯ್ ತಗಡಿನ ಮಾಡು ನೋಡಿದ.

"ಚಹಾ," ಅಂದಳು ದುಲ್ಮಾ ಅಜ್ಜಿ, ಹೊಲಿಗೆ ಯಂತ್ರದ ಮೇಲೆ ಕೂತು.
"ಗುಡ್ಡದ ನೆತ್ತಿಯಲ್ಲಿ ಅದಕ್ಕೆ ಬಾಯಾರಿತ್ತು.
ಎರಡು ಫ್ಲಾಸ್ಕು ಕುಡಿಸಿದೆವು.
ಹಾಲು ಹಾಕಿದ್ದೆ, ಉಪ್ಪೂ ಹಾಕಿದ್ದೆ.
ಬರೀ ನೀರು ಕೊಡೋಕಾಗುತ್ತಾ ದಾರಿ ನಡೆಸುವವರಿಗೆ?"

ನಗಬಾರದಿತ್ತು. ಇನ್ನೊಂದು ಗಂಟೆ ದಾರಿಯಲ್ಲಿ ನಿಂತಿದ್ದರೆ
ಆ ಚಹಾ ಕಲ್ಲಾಗಿ ಎಂಜಿನ್ನನ್ನೇ ಸೀಳುತ್ತಿತ್ತು.
ಮೂರು ಸಲ ಬಿಸಿನೀರು ಹಾಯಿಸಿ ತೊಳೆದೆ.
ಶೆಡ್ಡಿನ ತುಂಬ ಸೀದ ಹಾಲಿನ ಕಮಟು.
ಹೊಸ ತೊಸೋಲ್ ತುಂಬಿ, ಕೈಪಂಪು ಸಿಕ್ಕಿಸಿ ಒತ್ತಡ ಕೊಟ್ಟೆ.
ಸೂಜಿ ಏರಿತು, ನಿಂತಿತು.
ಒಂದು ಹನಿಯೂ ಇಲ್ಲ.
"ನಾ ಹೇಳಲಿಲ್ವಾ," ಅಂದ ನೆರ್ಗುಯ್.

ಆಗ ಬಾಗಿಲು ತೆರೆದಿಟ್ಟೆ, ಎರಡೂ ಕದ.
ಬೈದರು. ಬೈಯಲಿ.
ಚಳಿ ನೆಲದ ಮೇಲೆ ತೆವಳಿಕೊಂಡು ಒಳಗೆ ಬಂತು,
ಚಕ್ರ ಹತ್ತಿತು, ಕಬ್ಬಿಣ ಹತ್ತಿತು.
ಅರ್ಧ ಗಂಟೆಗೆ ಸೂಜಿ ಮೆಲ್ಲಗೆ ಜಾರತೊಡಗಿತು.

ಹೀಟರಿನಿಂದ ಮರಳುವ ಕೊಳವೆ, ಕ್ಲಿಪ್ಪಿನ ಅಡಿ,
ಕನ್ನಡಿ ಹಿಡಿದರಷ್ಟೇ ಕಾಣುವ ಕಡೆ
ಒಂದು ನೀಲಿ ಮಣಿ.
ಬೀಳುವುದಿಲ್ಲ, ಹೋಗುವುದೂ ಇಲ್ಲ.
ಬಿಸಿಯಲ್ಲಿ ಉಬ್ಬಿ ಬಾಯಿ ಮುಚ್ಚಿಕೊಳ್ಳುವ ರಬ್ಬರು
ತಣ್ಣಗಾದ ಮೇಲೆ, ಎಲ್ಲರೂ ಮಲಗಿದ ಮೇಲೆ,
ಒಸರುತ್ತದೆ.

ಗಡುಸಾದ ತುದಿಯನ್ನು ಎರಡು ಬೆರಳಷ್ಟು ಕತ್ತರಿಸಿದೆ.
ಪೈಪಿನ ತುಕ್ಕು ಉಜ್ಜಿದೆ. ಹೊಸ ಕ್ಲಿಪ್ಪು.
ತಿರುಪನ್ನು ಬಿಗಿ ಮಾಡಿದೆ; ಇನ್ನೂ ಅರ್ಧ ಸುತ್ತು ಅಂತ ಕೈ ಕೇಳಿದಾಗ
ಬಿಟ್ಟುಬಿಟ್ಟೆ. ಅದೇ ಅರ್ಧ ಸುತ್ತು
ರಬ್ಬರನ್ನು ಕೊಯ್ಯುವುದು.

ಮತ್ತೆ ಪಂಪು. ಮತ್ತೆ ಸೂಜಿ, ಒಂದರ ಮೇಲೆ.
"ಎಷ್ಟು ಹೊತ್ತು?"
"ಹದಿನೈದು ನಿಮಿಷ."
ತೆರೆದ ಬಾಗಿಲ ಮುಂದೆ ಹನ್ನೊಂದು ಜನ
ಏನೂ ಆಗದಿರುವುದನ್ನು ನೋಡುತ್ತ ನಿಂತೆವು.
ಯಾರೋ ಸೀನಿದರು.
ಎಲ್ಲರೂ ಅವನತ್ತ ತಿರುಗಿದರು,
ಆಮೇಲೆ ಸರಕ್ಕನೆ ಸೂಜಿಯತ್ತ.